ಬಿಸಿಲು ಕೊಳ್ಳಲು ಹೊರಟವರು

ಬಿಸಿಲಿಗಾಗಿ ದುಡ್ಡು ಕೊಡುವ ಜನರಿದ್ದಾರೆ ಎಂದರೆ ರಾಯಚೂರಿನವರು ನಕ್ಕುಬಿಟ್ಟಾರು. ನಮಗೆ ಬೇಸಿಗೆ ಎಂದರೆ ಬಿಸಿಲಿನಿಂದ ತಪ್ಪಿಸಿಕೊಳ್ಳುವ ಕಾಲ. ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಅಜ್ಜಿಮನೆ, ಕೈಯಲ್ಲಿ ನಾಲ್ಕು ಕಾಸು ಇದ್ದವರಿಗೆ ಊಟಿ, ಕೊಡೈಕೆನಾಲ್. ಆದರೆ ವರ್ಷದ ಎಂಟು ತಿಂಗಳು ಮೋಡದ ಕೆಳಗೆ ಬದುಕುವ ಇಂಗ್ಲೆಂಡ್, ಜರ್ಮನಿ, ಹಾಲೆಂಡಿನ ಜನ ಬೇಸಿಗೆ ಬಂತೆಂದರೆ ಬಿಸಿಲು ಹುಡುಕಿಕೊಂಡು ದೇಶವನ್ನೇ ದಾಟುತ್ತಾರೆ. ಸ್ಪೇನ್, ಗ್ರೀಸ್, ತುರ್ಕಿಯ ಕಡಲತೀರದಲ್ಲಿ ಮಕ್ಕಳೊಂದಿಗೆ ಒಂದು ವಾರ ಕಳೆಯುವುದು ಅಲ್ಲಿಯ ದುಡಿಯುವ ವರ್ಗಕ್ಕೆ ಈಗ ಭೋಗವಲ್ಲ, ವರ್ಷವಿಡೀ ದುಡಿದದ್ದಕ್ಕೆ ಸಲ್ಲಬೇಕಾದ ಹಕ್ಕು.

2022ರ ನಂತರ ಇಂಧನ, ಹೋಟೆಲು, ಊಟ ಎಲ್ಲದರ ಬೆಲೆ ಏರಿದ ಮೇಲೆ ಆ ಹಕ್ಕು ಕೈ ಜಾರುತ್ತಿದೆ ಎಂಬ ಆತಂಕ ಅಲ್ಲಿಯ ಮನೆಗಳಲ್ಲಿ ಕೇಳಿಬರುತ್ತಿದೆ. ನಾಲ್ಕು ಜನರ ಕುಟುಂಬ ಎಲ್ಲಿಗೆ ಹೋದರೆ ಅಗ್ಗ? ಇದು ಹೊಸ ಪ್ರಶ್ನೆಯೇನೂ ಅಲ್ಲ, ಅದಕ್ಕೆ ಹೆಚ್ಚುಕಡಿಮೆ 180 ವರ್ಷಗಳ ಚರಿತ್ರೆ ಇದೆ. ಆಯಾ ಕಾಲ ತನ್ನದೇ ಉತ್ತರ ಕಂಡುಕೊಂಡಿತು. ಟಿಕೆಟ್ಟಿನ ಮೇಲೆ ಕಾಣದ ಉಳಿದ ಹಣವನ್ನು ಯಾರು ತೆತ್ತರು ಎಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಕಥೆ ಶುರುವಾಗುವುದು ಪಾನನಿರೋಧದ ಸಭೆಯೊಂದರಿಂದ. ಥಾಮಸ್ ಕುಕ್ ಎಂಬಾತ ಮರಗೆಲಸದ ಕಸುಬಿನವನು, ಬ್ಯಾಪ್ಟಿಸ್ಟ್ ಧರ್ಮಪ್ರಚಾರಕ, ಮದ್ಯದ ಕಡುವಿರೋಧಿ. 1841ರ ಜುಲೈ 5ರಂದು ಆತ ಸುಮಾರು 500 ಮಂದಿಯನ್ನು ಲೆಸ್ಟರ್‌ನಿಂದ ಲಫ್‌ಬರೋ ಎಂಬ ಊರಿನ ಪಾನವಿರೋಧಿ ಸಮಾವೇಶಕ್ಕೆ ರೈಲಿನಲ್ಲಿ ಕರೆದೊಯ್ದ. ಹೋಗಿ ಬರಲು ತಲೆಗೆ ಒಂದು ಶಿಲ್ಲಿಂಗ್. ಆತ ಕಂಡುಕೊಂಡ ಗುಟ್ಟು ಇಷ್ಟೇ: ಒಬ್ಬೊಬ್ಬರಾಗಿ ಹೋದರೆ ದುಬಾರಿಯಾಗುವುದು ಐನೂರು ಜನ ಒಟ್ಟಾಗಿ ಹೋದರೆ ಅಗ್ಗವಾಗುತ್ತದೆ. ರೈಲು ಕಂಪೆನಿಗೆ ಖಾಲಿ ಡಬ್ಬಿ ತುಂಬಿದ ಲಾಭ, ಕೂಲಿಕಾರನಿಗೆ ಊರು ನೋಡಿದ ಸಂತೋಷ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಕಾರ್ಮಿಕರು ವಾರವಾರ ಚಿಲ್ಲರೆ ಕೂಡಿಟ್ಟು ಕುಕ್‌ನ ಟಿಕೆಟ್ಟು ಕೊಂಡರು. 1855ರಲ್ಲಿ ಆತ ಜನರನ್ನು ಕಡಲು ದಾಟಿಸಿ ಪ್ಯಾರಿಸ್ಸಿಗೆ ಕೊಂಡೊಯ್ದ. ಮದ್ಯದಂಗಡಿಯಿಂದ ಜನರನ್ನು ದೂರವಿಡಲು ಹುಟ್ಟಿದ ಪ್ರವಾಸ, ಮುಂದೆ ಅಗ್ಗದ ಮದ್ಯಕ್ಕಾಗಿಯೇ ಜನ ವಿಮಾನವೇರುವ ಸ್ಥಿತಿಗೆ ಬಂದದ್ದನ್ನು ಆ ಬ್ಯಾಪ್ಟಿಸ್ಟ್ ನೋಡಬೇಕಿತ್ತು.

ಕುಕ್‌ನ ಕಂಪೆನಿಗೂ ನಮ್ಮ ದೇಶಕ್ಕೂ ಇದ್ದ ಒಂದು ನಂಟು ಹೆಚ್ಚು ಜನರಿಗೆ ತಿಳಿದಿಲ್ಲ. ಹಜ್ ಪ್ರವಾಸವಲ್ಲ, ಅದು ಇಬಾದತ್. ಆದರೂ ಬಡವನೊಬ್ಬ ಕಡಲಾಚೆ ಹೋಗಿ ಬರುವ ಖರ್ಚಿನ ಪ್ರಶ್ನೆ ಅಲ್ಲಿಯೂ ಇತ್ತು. 19ನೇ ಶತಮಾನದ ಹಡಗು ಮಾಲಕರು ಯಾತ್ರಿಕರನ್ನು ಕುರಿಗಳಂತೆ ತುಂಬುತ್ತಿದ್ದರು. ಹೋಗುವ ದುಡ್ಡು ಮಾತ್ರ ಹೊಂದಿಸಿಕೊಂಡು ಹೋದ ಬಡವರು ಹಿಂತಿರುಗಲಾರದೆ ಜಿದ್ದಾದಲ್ಲಿ ಸಿಕ್ಕಿಬೀಳುತ್ತಿದ್ದರು. 1880ರಲ್ಲಿ 'ಜಿದ್ದಾ' ಎಂಬ ಹೆಸರಿನ ಹಡಗಿಗೆ ನೀರು ನುಗ್ಗಿದಾಗ ಕಪ್ತಾನ ಮತ್ತು ಅಧಿಕಾರಿಗಳು 900ಕ್ಕೂ ಹೆಚ್ಚು ಯಾತ್ರಿಕರನ್ನು ನಡುಕಡಲಲ್ಲಿ ಬಿಟ್ಟು ಓಡಿಹೋದರು. ಹಡಗು ಮುಳುಗಲಿಲ್ಲ, ಏಡನ್ ತಲುಪಿತು. ಇಂತಹ ಹಗರಣಗಳ ಬಳಿಕ, 1886ರಲ್ಲಿ, ಭಾರತ ಸರಕಾರ ಬೊಂಬಾಯಿಯಿಂದ ಹೊರಡುವ ಹಜ್ ಯಾತ್ರಿಕರ ಹೊಣೆಯನ್ನು ಕುಕ್ ಕಂಪೆನಿಗೆ ಒಪ್ಪಿಸಿತು. ನಷ್ಟವಾದರೆ ಸರಕಾರವೇ ತುಂಬಿಕೊಡುವ ಏರ್ಪಾಡು. ಯುರೋಪಿನ ಪ್ರವಾಸಿಗರಿಂದ ಲಾಭ ಬಾಚಿಕೊಂಡ ಕಂಪೆನಿಗೆ ನಮ್ಮ ಬಡ ಹಾಜಿಗಳ ಲೆಕ್ಕ ಹೊಂದಲಿಲ್ಲ. 1890ರ ದಶಕದ ಆರಂಭದಲ್ಲಿಯೇ ಆ ವ್ಯವಸ್ಥೆ ಮುಗಿಯಿತು.

ಗುಂಪು ಕಟ್ಟಿದರೆ ಟಿಕೆಟ್ಟು ಅಗ್ಗವಾಗುತ್ತದೆ ಸರಿ, ಆದರೆ ಹೋಗಲು ಸಮಯ ಬೇಕಲ್ಲ? ಲ್ಯಾಂಕಾಶೈರಿನ ಬಟ್ಟೆ ಗಿರಣಿಗಳು ವರ್ಷಕ್ಕೊಂದು ವಾರ ಬಾಗಿಲು ಹಾಕುತ್ತಿದ್ದವು. ಇಡೀ ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್ ಎಂಬ ಕಡಲೂರಿಗೆ ಹೋಗುತ್ತಿತ್ತು. ಆದರೆ ಆ ವಾರಕ್ಕೆ ಕೂಲಿ ಇಲ್ಲ. ಒಂದು ವಾರದ ರಜೆ ಎಂದರೆ ಎರಡು ಪಟ್ಟು ಖರ್ಚು: ಪ್ರವಾಸದ್ದೊಂದು, ಕೈತಪ್ಪಿದ ಕೂಲಿಯದ್ದೊಂದು. ಅದಕ್ಕಾಗಿ ಗಿರಣಿಯವರು ನಮ್ಮ ಚೀಟಿಯ ಹಾಗೆ ಸಂಘ ಮಾಡಿಕೊಂಡು ವರ್ಷವಿಡೀ ಹಣ ಕೂಡಿಡುತ್ತಿದ್ದರು. ಬ್ಲ್ಯಾಕ್‌ಪೂಲಿನ ಬಾಡಿಗೆಮನೆಯ ಒಡತಿಯರಿಗೆ ತಾವೇ ತಂದ ಸಾಮಾನು ಕೊಟ್ಟು ಅಡುಗೆ ಮಾಡಿಸಿಕೊಳ್ಳುವುದು ರೂಢಿಯಾಗಿತ್ತು. ಮೇಜಿನ ಮೇಲಿನ ಉಪ್ಪು, ಮೆಣಸಿನಪುಡಿಯ ಕುಪ್ಪಿಗಳನ್ನು ಬಳಸಿದ್ದಕ್ಕೂ ಕೆಲವರು ಬೇರೆಯಾಗಿ ಬಿಲ್ಲು ಹಾಕುತ್ತಿದ್ದರು! ಬ್ಯಾಗಿಗೆ ಬೇರೆ, ಸೀಟಿಗೆ ಬೇರೆ ಹಣ ಕೇಳುವ ಇಂದಿನ ಅಗ್ಗದ ವಿಮಾನದವರು ಈ ವಿದ್ಯೆ ಕಲಿತದ್ದು ಎಲ್ಲಿಂದ ಎಂದು ನಮಗೆ ಅನುಮಾನ.

ಕೂಲಿ ಸಹಿತ ರಜೆ ಕಾನೂನಾಗಿ ಬಂದದ್ದು 1930ರ ದಶಕದಲ್ಲಿ. ಫ್ರಾನ್ಸಿನಲ್ಲಿ ಭಾರೀ ಮುಷ್ಕರಗಳ ನಡುವೆ ಅಧಿಕಾರಕ್ಕೆ ಬಂದ ಎಡಪಂಥೀಯ ಸರಕಾರ 1936ರ ಜೂನ್‌ನಲ್ಲಿ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ರಜೆ ಕೊಟ್ಟರೆ ಸಾಲದು, ಹೋಗಲು ದಾರಿಯೂ ಬೇಕು ಎಂದು ಲಿಯೊ ಲಗ್ರಾಂಜ್ ಎಂಬ ಸಚಿವ ಕಾರ್ಮಿಕ ಕುಟುಂಬಗಳಿಗೆ ರೈಲು ದರದಲ್ಲಿ ಶೇ. 40 ರಿಯಾಯಿತಿ ಕೊಡಿಸಿದ. ಆ ಬೇಸಿಗೆಯಲ್ಲಿ ಲಕ್ಷಾಂತರ ಜನ ಬದುಕಿನಲ್ಲಿ ಮೊದಲ ಬಾರಿಗೆ ಸಮುದ್ರ ನೋಡಿದರು. ಕಡಲತೀರದ ಶ್ರೀಮಂತರು ಮೂಗು ಮುರಿದರಂತೆ. ಬ್ರಿಟನ್ನಿನ ಕಾಯ್ದೆ ಬಂದದ್ದು 1938ರಲ್ಲಿ, ಅದೂ ಒಂದು ವಾರದ ಮಾತು. ಅದಕ್ಕೂ ಎರಡು ವರ್ಷ ಮೊದಲೇ ಬಿಲ್ಲಿ ಬಟ್ಲಿನ್ ಎಂಬಾತ ಸ್ಕೆಗ್‌ನೆಸ್‌ನಲ್ಲಿ ರಜಾ ಶಿಬಿರ ತೆರೆದು, 35 ಶಿಲ್ಲಿಂಗಿನಿಂದ 3 ಪೌಂಡಿನವರೆಗಿನ ದರದಲ್ಲಿ ವಾರದ ವಸತಿ, ಊಟ, ಮನರಂಜನೆ ಎಲ್ಲವನ್ನೂ ಕೊಡತೊಡಗಿದ್ದ. ಒಂದು ವಾರದ ಕೂಲಿಗೆ ಒಂದು ವಾರದ ರಜೆ ಎಂಬುದು ಅವನ ಲೆಕ್ಕಾಚಾರ.

ಜರ್ಮನಿಯಲ್ಲಿ ಇದೇ ಆಸೆಯನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳಲಾಯಿತು. ನಾಝಿಗಳು 1933ರಲ್ಲಿ ಕಾರ್ಮಿಕ ಸಂಘಗಳನ್ನು ಒಡೆದು ಅವುಗಳ ಆಸ್ತಿಯನ್ನು ವಶಪಡಿಸಿಕೊಂಡರು, ಅದೇ ವರ್ಷ 'ಸಂತೋಷದಿಂದ ಶಕ್ತಿ' ಎಂಬ ಸಂಸ್ಥೆ ಕಟ್ಟಿದರು. ಅದರ ಹಡಗುಗಳು ಕಾರ್ಮಿಕರನ್ನು ಪೋರ್ಚುಗಲ್ಲಿನ ಮಡೈರಾ ದ್ವೀಪಕ್ಕೂ ನಾರ್ವೆಗೂ ಕರೆದೊಯ್ದವು. ಬಾಲ್ಟಿಕ್ ತೀರದ ಪ್ರೋರಾದಲ್ಲಿ 20 ಸಾವಿರ ಮಂದಿಗಾಗಿ ಮೈಲುಗಟ್ಟಲೆ ಉದ್ದದ ಕಟ್ಟಡ ಎದ್ದಿತು. ಯುದ್ಧ ಬಂತು, ಒಂದೇ ಒಂದು ಕುಟುಂಬವೂ ಅಲ್ಲಿ ರಜೆ ಕಳೆಯಲಿಲ್ಲ. ಸಂಸ್ಥೆಯ ಹೆಮ್ಮೆಯ ಹಡಗು 'ವಿಲ್ಹೆಲ್ಮ್ ಗುಸ್ಟ್‌ಲೋಫ್' 1945ರ ಜನವರಿಯಲ್ಲಿ ಸಾವಿರಾರು ನಿರಾಶ್ರಿತರನ್ನು ಹೊತ್ತುಕೊಂಡು ಮುಳುಗಿತು. ಹಕ್ಕನ್ನು ಕಿತ್ತುಕೊಂಡು ರಜೆಯನ್ನು ದಾನವಾಗಿ ಕೊಡುವ ಆಳುವವರ ಬಗ್ಗೆ ಜನ ಎಚ್ಚರವಾಗಿರಬೇಕು ಎಂದು ನಮಗೆ ಅನ್ನಿಸುವುದು ಈ ಪುಟ ಓದಿದಾಗ.

ಯುದ್ಧ ಮುಗಿದಾಗ ಎರಡು ವಸ್ತುಗಳು ಯಥೇಚ್ಛ ಉಳಿದಿದ್ದವು: ಮಿಲಿಟರಿ ಸಾಗಾಟದ ಡಕೋಟಾ ವಿಮಾನಗಳು ಮತ್ತು ಸೈನ್ಯದ ಡೇರೆಗಳು. ವ್ಲಾದಿಮಿರ್ ರೈಟ್ಸ್ ಎಂಬ ಯುವಕ, ಬಾಲ್ಯದಲ್ಲಿ ರಷ್ಯಾ ಬಿಟ್ಟು ಬಂದವನು, ಲಂಡನ್ನಿನ ಸುದ್ದಿಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ. 1949ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಗೆ ಹೋಗಿ ಬಂದ ಮೇಲೆ, ಅಜ್ಜಿಯಿಂದ ಬಂದ 3,000 ಪೌಂಡು ಹೂಡಿ 'ಹೊರೈಝನ್' ಎಂಬ ಕಂಪೆನಿ ಕಟ್ಟಿದ. 32 ಸೀಟಿನ ವಿಮಾನ ಬಾಡಿಗೆಗೆ ತೆಗೆದು, ಕಾಲ್ವಿಯಲ್ಲಿ ಡೇರೆ ಹಾಕಿ, ವಿಮಾನ, ವಸತಿ, ಊಟ ಎಲ್ಲ ಸೇರಿಸಿ 32 ಪೌಂಡು 10 ಶಿಲ್ಲಿಂಗಿಗೆ ಎರಡು ವಾರ ಎಂದು ಪ್ರಕಟಿಸಿದ. ನೀಸ್‌ಗೆ ಹೋಗಿ ಬರುವ ವಿಮಾನದ ಟಿಕೆಟ್ಟೊಂದೇ ಆಗ ಅದರ ಎರಡು ಪಟ್ಟು. ಇಂಗ್ಲೆಂಡಿನಲ್ಲಿ ಇನ್ನೂ ರೇಷನ್ ಇದ್ದ ಕಾಲ ಅದು. ಕಾಲ್ವಿಯಲ್ಲಿ ದಿನಕ್ಕೆರಡು ಹೊತ್ತು ಮಾಂಸದೂಟ. ಅದನ್ನೇ ಆತ ದೊಡ್ಡದಾಗಿ ಹೇಳಿಕೊಂಡ.

ಇಷ್ಟಕ್ಕೆ ಸರಕಾರ ಸುಮ್ಮನಿರಲಿಲ್ಲ. ಸರಕಾರಿ ವಿಮಾನ ಸಂಸ್ಥೆಯ ವ್ಯಾಪಾರಕ್ಕೆ ಪೆಟ್ಟು ಬೀಳಬಾರದೆಂದು, ಶಿಕ್ಷಕರು ಮತ್ತು ವಿದ್ಯಾರ್ಥಿಗಳನ್ನು ಮಾತ್ರ ಕರೆದೊಯ್ಯಬಹುದು ಎಂಬ ಷರತ್ತಿನೊಂದಿಗೆ ಪರವಾನಗಿ ಕೊಟ್ಟಿತು. ಹೀಗಾಗಿ 1950ರ ಮೇ ತಿಂಗಳಲ್ಲಿ ಹಾರಿದ ಆ ಮೊದಲ ಪ್ಯಾಕೇಜ್ ಟೂರಿನಲ್ಲಿ ಮೇಷ್ಟರುಗಳೇ ಮುಖ್ಯರಾದರು. ಮೊದಲ ವರ್ಷ ಬಂದವರು ಸುಮಾರು 300 ಮಂದಿ, ಆತನಿಗೆ ನಷ್ಟ. ಮತ್ತೊಂದು ಮಾತನ್ನೂ ಇಲ್ಲಿ ಹೇಳಬೇಕು. ಇದನ್ನು ಬಡವರ ಪ್ರವಾಸ ಎಂದು ಬರೆಯುವವರಿದ್ದಾರೆ. ಆಗ ಬ್ರಿಟನ್ನಿನ ಗಂಡಾಳಿನ ಸರಾಸರಿ ವಾರದ ಕೂಲಿ ಏಳೂವರೆ ಪೌಂಡಿನ ಆಸುಪಾಸು. ಒಬ್ಬನ ಪ್ರವಾಸಕ್ಕೆ ಒಂದು ತಿಂಗಳ ದುಡಿಮೆ ಬೇಕು. ಹೆಂಡತಿ, ಇಬ್ಬರು ಮಕ್ಕಳು ಸೇರಿದರೆ ನಾಲ್ಕು ತಿಂಗಳು! ಕುಟುಂಬಕ್ಕೆ ಎಟಕುವ ದರ ಬಂದದ್ದು ಇನ್ನೂ ಹದಿನೈದು ಇಪ್ಪತ್ತು ವರ್ಷಗಳ ಬಳಿಕ, ಸ್ಪೇನಿನ ದೆಸೆಯಿಂದ.

ಸ್ಪೇನ್ ಅಗ್ಗವಾಗಿದ್ದುದು ಹೇಗೆ? ಫ್ರಾಂಕೊನ ಸರ್ವಾಧಿಕಾರದಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳಿಗೆ ಜಾಗವಿರಲಿಲ್ಲ, ಕೂಲಿ ಕಡಿಮೆ, ಮುಷ್ಕರ ಅಪರಾಧ. 1959ರಲ್ಲಿ ಅಲ್ಲಿಯ ನಾಣ್ಯ ಪೆಸೆಟಾದ ಬೆಲೆಯನ್ನು ಡಾಲರಿಗೆ 42ರಿಂದ 60ಕ್ಕೆ ಇಳಿಸಲಾಯಿತು. ಹೊರಗಿನವರಿಗೆ ಒಮ್ಮೆಲೇ ಎಲ್ಲವೂ ಸೋವಿ. ಬೆನಿಡಾರ್ಮ್ ಎಂಬ ಮೀನುಗಾರರ ಹಳ್ಳಿಯ ಮೇಯರ್ ಪೆದ್ರೊ ಸರಗೋಸಾ ಊರಿಗೆ ನಗರ ಯೋಜನೆ ಮಾಡಿಸಿ ಪ್ರವಾಸಿಗರನ್ನು ಕರೆದ. ಬಿಕಿನಿಗೆ ಅನುಮತಿ ಕೊಟ್ಟ ಕಾರಣ ಚರ್ಚಿನ ಕೋಪಕ್ಕೆ ಗುರಿಯಾಗಿ, ಫ್ರಾಂಕೊನನ್ನು ಕಾಣಲು ಆತ ಸ್ಕೂಟರಿನಲ್ಲೇ ಮ್ಯಾಡ್ರಿಡ್‌ಗೆ ಹೋದನೆಂಬ ಕಥೆ ಇದೆ. 1960ರಲ್ಲಿ ಸ್ಪೇನಿಗೆ ಬಂದ ವಿದೇಶೀಯರು ಸುಮಾರು 60 ಲಕ್ಷ, 1973ರಲ್ಲಿ 3 ಕೋಟಿ 40 ಲಕ್ಷ. ಬಲೆ ಎಳೆಯುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಹೋಟೆಲಿನ ಹಾಸಿಗೆ ಬದಲಿಸುವವರಾದರು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯ ಕಾರ್ಮಿಕ ತನ್ನ ಸಂಘದ ಹೋರಾಟದಿಂದ ಗಳಿಸಿದ ರಜೆಯನ್ನು, ಸಂಘ ಕಟ್ಟುವ ಹಕ್ಕಿಲ್ಲದವನ ದುಡಿಮೆಯ ಮೇಲೆ ಕಳೆದ. ಆತನ ತಪ್ಪಲ್ಲ, ಆತನಿಗೆ ಅದು ಗೊತ್ತೂ ಇರಲಿಲ್ಲವೇನೋ. ಅಂತಾರಾಷ್ಟ್ರೀಯ ಹಾರಾಟದ ಇಂಧನಕ್ಕೆ ತೆರಿಗೆ ಇಲ್ಲದಿದ್ದುದು ಇನ್ನೊಂದು ಅನುಕೂಲ. 1944ರ ಶಿಕಾಗೊ ಒಪ್ಪಂದ ಮತ್ತು ಅದರ ಬೆನ್ನಿಗೆ ದೇಶದೇಶಗಳು ಮಾಡಿಕೊಂಡ ಒಪ್ಪಂದಗಳಿಂದಾಗಿ ಆ ರಿಯಾಯಿತಿ ಇಂದಿಗೂ ಬಹುಮಟ್ಟಿಗೆ ಉಳಿದಿದೆ.

ಬೆಲೆ ಏರಿದಾಗ ಏನಾಗುತ್ತದೆ ಎಂಬುದನ್ನು 1974 ತೋರಿಸಿತು. ಅದಕ್ಕೆ ಮೊದಲು 1966ರಲ್ಲಿ ಬ್ರಿಟಿಷ್ ಸರಕಾರ ವಿದೇಶ ಪ್ರವಾಸಿಗರು 50 ಪೌಂಡಿಗಿಂತ ಹೆಚ್ಚು ವಿದೇಶಿ ವಿನಿಮಯ ಕೊಳ್ಳಬಾರದೆಂದು ಕಟ್ಟು ಹಾಕಿತ್ತು. ಮರುವರ್ಷ ಪೌಂಡಿನ ಬೆಲೆಯೇ ಕುಸಿಯಿತು. ಸಗಟಿನಲ್ಲಿ ಹೋಟೆಲು ಹಿಡಿದಿದ್ದ ಪ್ಯಾಕೇಜ್ ಕಂಪೆನಿಗಳಿಗೆ ಈ ಕಟ್ಟಿನಿಂದ ಲಾಭವೇ ಆಯಿತು. ಪ್ಯಾಕೇಜಿನ ದರ ಮಾಮೂಲು ವಿಮಾನದ ಟಿಕೆಟ್ಟಿಗಿಂತ ಕಡಿಮೆ ಇರಬಾರದೆಂಬ ಹಳೆಯ ನಿಯಮವೂ 70ರ ದಶಕದ ಆರಂಭಕ್ಕೆ ಸಡಿಲಗೊಂಡಿತು. ಕಂಪೆನಿಗಳು ಪೈಪೋಟಿಯಲ್ಲಿ ದರ ಇಳಿಸುತ್ತ ಹೋದವು. ಕ್ಲಾರ್ಕ್‌ಸನ್ಸ್ ಎಂಬ ಕಂಪೆನಿಗೆ ಗಿರಾಕಿಗಳು ಹೆಚ್ಚಿದಂತೆಲ್ಲ ನಷ್ಟವೂ ಹೆಚ್ಚಿತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬಳಿಕ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. 1974ರ ಆಗಸ್ಟ್ 15ರಂದು, ರಜೆಯ ನಡುಮಧ್ಯೆ, ಕ್ಲಾರ್ಕ್‌ಸನ್ಸನ್ನೂ ಹೊರೈಝನ್ನನ್ನೂ ನುಂಗಿದ್ದ ಕೋರ್ಟ್ ಲೈನ್ ದಿವಾಳಿಯಾಯಿತು. ಹತ್ತಾರು ಸಾವಿರ ಜನ ಪರದೇಶದಲ್ಲಿ ಸಿಕ್ಕಿಬಿದ್ದರು. ಇನ್ನೂ ಹೊರಡದಿದ್ದ ಅದೆಷ್ಟೋ ಕುಟುಂಬಗಳ ವರ್ಷದ ಉಳಿತಾಯ ಅಪಾಯಕ್ಕೆ ಸಿಕ್ಕಿತು. ಮರುವರ್ಷ ಪ್ರಯಾಣಿಕರ ರಕ್ಷಣೆಗೆ ನಿಧಿ ಸ್ಥಾಪಿಸಿ, ಅದಕ್ಕೆ ಪ್ರತಿ ಪ್ಯಾಕೇಜಿನ ಮೇಲೆ ಸಣ್ಣ ವಂತಿಗೆ ಹಾಕಲಾಯಿತು. 2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಕಂಪೆನಿಯೇ, 178 ವರ್ಷಗಳ ಬಳಿಕ, ಮುಳುಗಿದಾಗ ಸುಮಾರು ಒಂದೂವರೆ ಲಕ್ಷ ಬ್ರಿಟಿಷರನ್ನು ಸರಕಾರ ವಿಮಾನಗಳಲ್ಲಿ ಮನೆಗೆ ತರಲು ಸಾಧ್ಯವಾದದ್ದು ಅಂದು ಕಲಿತ ಪಾಠದಿಂದ. (ನಮ್ಮಲ್ಲಿ ಅದೇ ಹೆಸರಿನಲ್ಲಿರುವ ಕಂಪೆನಿಯ ಮಾಲಕರು ಬೇರೆ, ಅದಕ್ಕೇನೂ ಆಗಲಿಲ್ಲ.)

1990ರ ದಶಕದಲ್ಲಿ ಯುರೋಪಿನ ಆಕಾಶವನ್ನು ಎಲ್ಲ ಕಂಪೆನಿಗಳಿಗೆ ತೆರೆದ ಮೇಲೆ ಅಗ್ಗದ ವಿಮಾನಗಳ ಕಾಲ ಬಂತು. 1995ರಲ್ಲಿ ಈಝಿಜೆಟ್ ಲೂಟನ್‌ನಿಂದ ಸ್ಕಾಟ್‌ಲೆಂಡಿಗೆ 29 ಪೌಂಡಿನಲ್ಲಿ ಹಾರಿಸಿತು. ಇದು ಎಲ್ಲರಿಗೂ ಅಗ್ಗ ಎಂದು ತೋರಿತು. ಆದರೆ ಈ ವ್ಯಾಪಾರದ ಒಳಗುಟ್ಟು, ಒಂದೇ ಸೀಟನ್ನು ಬೇರೆಬೇರೆ ದಿನ ಬೇರೆಬೇರೆ ಬೆಲೆಗೆ ಮಾರುವುದು. ಅಮೆರಿಕದಲ್ಲಿ 1978ರಲ್ಲಿ ವಿಮಾನ ದರದ ಮೇಲಿನ ಸರಕಾರಿ ನಿಯಂತ್ರಣ ತೆಗೆದ ಬಳಿಕ ಕಂಪ್ಯೂಟರಿನ ಸಹಾಯದಿಂದ ಬೆಳೆದ ವಿದ್ಯೆ ಇದು. ಯಾರಿಗೆ ದಿನ ಬದಲಿಸಲು ಆಗುವುದಿಲ್ಲವೋ ಅವರಿಂದ ಹೆಚ್ಚು ಕೀಳು ಎಂಬುದೇ ಅದರ ಸೂತ್ರ. ದಿನ ಬದಲಿಸಲು ಆಗದವರು ಯಾರು? ಒಬ್ಬರು, ಕಂಪೆನಿಯ ಖರ್ಚಿನಲ್ಲಿ ಓಡಾಡುವ ಅಧಿಕಾರಿಗಳು. ಇನ್ನೊಬ್ಬರು, ಶಾಲೆಗೆ ಹೋಗುವ ಮಕ್ಕಳಿರುವ ತಂದೆತಾಯಿ. ಮಕ್ಕಳಿಲ್ಲದವರು ಸೆಪ್ಟೆಂಬರಿನಲ್ಲಿ ಅದೇ ಹೋಟೆಲಿಗೆ ಎಷ್ಟೋ ಕಡಿಮೆಗೆ ಹೋಗುತ್ತಾರೆ. ನಾಲ್ಕು ಟಿಕೆಟ್ಟು ಕೊಳ್ಳಬೇಕಾದವನು ಜುಲೈ-ಆಗಸ್ಟಿನಲ್ಲೇ ಹೋಗಬೇಕು.

ಇಂಗ್ಲೆಂಡಿನಲ್ಲಿ ಈ ಬಿಕ್ಕಟ್ಟು ಕೋರ್ಟಿನವರೆಗೂ ಹೋಯಿತು. ಅಲ್ಲಿ ಮುಖ್ಯೋಪಾಧ್ಯಾಯರು ಕುಟುಂಬ ಪ್ರವಾಸಕ್ಕಾಗಿ ಮಕ್ಕಳಿಗೆ ವರ್ಷಕ್ಕೆ ಹತ್ತು ದಿನದವರೆಗೆ ರಜೆ ಕೊಡುವ ರೂಢಿ ಇತ್ತು, 2013ರಲ್ಲಿ ಅದನ್ನು ನಿಲ್ಲಿಸಿ ದಂಡ ಬಿಗಿಗೊಳಿಸಿದರು. ಐಲ್ ಆಫ್ ವೈಟ್ ದ್ವೀಪದ ತಂದೆಯೊಬ್ಬ ಶಾಲೆಯ ದಿನಗಳಲ್ಲಿ ಮಗಳನ್ನು ಅಮೆರಿಕಕ್ಕೆ ಕರೆದೊಯ್ದು, ದಂಡ ಕಟ್ಟಲೊಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದ. 2017ರ ಏಪ್ರಿಲಿನಲ್ಲಿ ತೀರ್ಪು ಆತನ ವಿರುದ್ಧ ಬಂತು. 2024ರ ಆಗಸ್ಟಿನಿಂದ ಈ ದಂಡ ಒಂದು ಮಗುವಿಗೆ ಒಬ್ಬ ಪೋಷಕನಿಗೆ 80 ಪೌಂಡು. ದರದ ವ್ಯತ್ಯಾಸಕ್ಕಿಂತ ದಂಡವೇ ಅಗ್ಗ ಎಂದು ಲೆಕ್ಕ ಹಾಕಿ ಹೊರಡುವ ಪೋಷಕರು ಈಗಲೂ ಇದ್ದಾರೆ. ಪಾಠ ತಪ್ಪಬಾರದೆಂಬ ಶಿಕ್ಷಕರ ಮಾತು ಸರಿ. ಆದರೆ ದುಡ್ಡಿದ್ದವರಿಗೆ ಈ ಇಕ್ಕಟ್ಟೇ ಇಲ್ಲ ಎಂಬುದೂ ಸುಳ್ಳಲ್ಲ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಜರ್ಮನಿಯ 16 ರಾಜ್ಯಗಳು ಬೇಸಿಗೆ ರಜೆಯನ್ನು ಒಟ್ಟಿಗೆ ಕೊಡುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಹಂಚಿಕೊಂಡು, ಹೆಚ್ಚಿನ ರಾಜ್ಯಗಳು ಸರದಿಯಂತೆ ಹಿಂದೆಮುಂದೆ ಸರಿಯುತ್ತವೆ. ಆದರೆ ಬವೇರಿಯಾ ತನ್ನ ತಡವಾದ ರಜೆಯನ್ನು ಬಿಟ್ಟುಕೊಡದೆ ಹಟ ಹಿಡಿದು ಕೂತಿದೆ. ಹಾಲೆಂಡ್ ಮೂರು ವಲಯಗಳಾಗಿ ಹಂಚಿಕೊಂಡಿದೆ. ರಸ್ತೆಯ ಸಂದಣಿಯೂ ಹೋಟೆಲಿನ ದರವೂ ಒಂದೇ ವಾರ ಉಕ್ಕದಿರಲು ಇದೊಂದು ಉಪಾಯ. ಫ್ರಾನ್ಸಿನಲ್ಲಿ 1982ರಿಂದ ರಜಾ ಚೀಟಿಗಳಿವೆ: ಕಾರ್ಮಿಕ ಸ್ವಲ್ಪ ಉಳಿಸಿದರೆ ಮಾಲಕ ಸ್ವಲ್ಪ ಸೇರಿಸುತ್ತಾನೆ, ಆ ಚೀಟಿಯನ್ನು ರೈಲಿಗೂ ವಸತಿಗೂ ಕೊಡಬಹುದು. 1953ರಲ್ಲಿ ಯುರೋಪಿನ ಕೆಲವು ಶಿಕ್ಷಕರು ಇನ್ನೂ ಸರಳವಾದುದನ್ನು ಕಂಡುಹಿಡಿದರು. ರಜೆಯಲ್ಲಿ ನಿಮ್ಮ ಮನೆಯಲ್ಲಿ ನಾವು, ನಮ್ಮ ಮನೆಯಲ್ಲಿ ನೀವು. ಬಾಡಿಗೆಯೇ ಇಲ್ಲ. ನಂಬಿಕೆ ಬೇಕು, ಅಷ್ಟೆ. ಮೇಷ್ಟರುಗಳ ಸಂಬಳ ಎಲ್ಲ ದೇಶದಲ್ಲೂ ಬುದ್ಧಿ ಕಲಿಸುತ್ತದೆ.

ಬಿಸಿಲು ಮಾರುವ ಊರುಗಳಲ್ಲಿ ಈಗ ಬೇರೆಯೇ ಮಾತು ಕೇಳಿಬರುತ್ತಿದೆ. ಸ್ಪೇನಿಗೆ 2024ರಲ್ಲಿ ಬಂದ ಪ್ರವಾಸಿಗರು ಸುಮಾರು 9 ಕೋಟಿ 40 ಲಕ್ಷ, ಅಂದರೆ ದೇಶದ ಜನಸಂಖ್ಯೆಗಿಂತ ಎಷ್ಟೋ ಹೆಚ್ಚು. ಬಾಡಿಗೆಮನೆಗಳೆಲ್ಲ ಪ್ರವಾಸಿಗರ ಪಾಲಾಗಿ ಊರಿನವರಿಗೇ ಮನೆ ಸಿಗದಾಯಿತು. ಆ ವರ್ಷ ಏಪ್ರಿಲಿನಲ್ಲಿ ಕ್ಯಾನರಿ ದ್ವೀಪಗಳಲ್ಲಿ ಜನ ಬೀದಿಗಿಳಿದರು. ಜುಲೈಯಲ್ಲಿ ಬಾರ್ಸಿಲೋನಾದಲ್ಲಿ ಪ್ರತಿಭಟನಾಕಾರರು ಹೋಟೆಲಿನ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಯಿಂದ ನೀರು ಎರಚಿದರು. ಪ್ರವಾಸಿಗರಿಗೆ ಕೊಡುವ ಫ್ಲ್ಯಾಟುಗಳ ಪರವಾನಗಿಯನ್ನು 2028ರೊಳಗೆ ನಿಲ್ಲಿಸುವುದಾಗಿ ಅಲ್ಲಿಯ ಮೇಯರ್ ಸಾರಿದ್ದಾರೆ. ಹೋಟೆಲ್ ಕೋಣೆ ಗುಡಿಸುವ ಮಹಿಳೆಯರು 2016ರಿಂದ 'ಲಾಸ್ ಕೆಲ್ಲೀಸ್' ಎಂಬ ಹೆಸರಿನಲ್ಲಿ ಸಂಘಟಿತರಾಗಿ ಒಂದೊಂದು ಕೋಣೆಗೆ ಸಿಗುವ ಪುಡಿಗಾಸಿನ ವಿರುದ್ಧ ದನಿ ಎತ್ತಿದ್ದಾರೆ. ಅವರ ಕೂಲಿ ಏರಿದರೆ ಕೋಣೆಯ ಬೆಲೆಯೂ ಏರುತ್ತದೆ. ಏರಲಿ ಎನ್ನುವುದೇ ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಿ ವಿದೇಶ ಪ್ರವಾಸ ಬಹುಕಾಲ ಸಾಮಾನ್ಯರ ಕನಸಿನಲ್ಲೂ ಇರಲಿಲ್ಲ. 1970ರ ದಶಕದಲ್ಲಿ ಹೊರದೇಶಕ್ಕೆ ಹೋಗುವವನ ಕೈಗೆ ಸಿಗುತ್ತಿದ್ದುದು 8 ಡಾಲರ್. ವಿನಿಮಯದ ನಿಯಮ ನಿಜವಾಗಿ ಸಡಿಲಗೊಂಡದ್ದು 2004ರಲ್ಲಿ. ನೌಕರರಿಗೆ ಸಿಗುವ ರಜಾ ಪ್ರವಾಸದ ತೆರಿಗೆ ರಿಯಾಯಿತಿ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಆದರೆ ಕರಾವಳಿಯ ನಮ್ಮ ಮನೆಗಳಿಗೆ ಮಕ್ಕಳ ರಜೆ, ವಿಮಾನ ದರ, ಕುಟುಂಬ ಎಂಬ ಈ ಮೂರರ ಲೆಕ್ಕ ಚೆನ್ನಾಗಿಯೇ ಗೊತ್ತು, ಕೇವಲ ದಿಕ್ಕು ತಿರುಗಿದೆ. ಗಲ್ಫಿನಲ್ಲಿ ದುಡಿಯುವವರ ಬೇಸಿಗೆ ಪ್ರವಾಸವೆಂದರೆ ಊರಿಗೆ ಬರುವುದು. ಹಿಂದೆ ಮುಂಬಯಿಗೆ ಬಂದಿಳಿದು, ಅಲ್ಲಿಂದ ಇಡೀ ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆ ಕಾಯುತ್ತ ಊರು ಸೇರುತ್ತಿದ್ದರು. 2005ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೇರಳದಿಂದ ಶುರುವಾಗಿ, 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದಾಗ ಬಜ್ಪೆಯಲ್ಲಿ ಹಬ್ಬದ ವಾತಾವರಣ. ಅಗ್ಗದ ವಿಮಾನ ಎಂದೇ ಅದನ್ನು ಕರೆದೆವು.

ಅಲ್ಲಿಯ ಶಾಲೆಗಳು ಮುಚ್ಚುವುದು ಜುಲೈ, ಆಗಸ್ಟ್‌ನಲ್ಲಿ. ಆ ಎರಡು ತಿಂಗಳು ದರ ಉಳಿದ ದಿನಗಳದ್ದಕ್ಕಿಂತ ಎರಡು ಮೂರು ಪಟ್ಟಾಗುವುದನ್ನು ಕಾಣದ ಗಲ್ಫ್ ಕುಟುಂಬ ಇಲ್ಲ. ಕೇರಳದ ಸಂಸದರು ಈ ಬಗ್ಗೆ ಲೋಕಸಭೆಯಲ್ಲಿ ಹಲವು ಬಾರಿ ಕೇಳಿದ್ದಾರೆ. ದರ ನಿಗದಿ ವಿಮಾನ ಕಂಪೆನಿಗಳಿಗೆ ಬಿಟ್ಟದ್ದು ಎಂಬುದು ಸರಕಾರದ ಮಾಮೂಲು ಉತ್ತರ. ರಜೆ ಶುರುವಾಗುವ ಮೊದಲೇ ಮಕ್ಕಳನ್ನು ಶಾಲೆ ಬಿಡಿಸಿ ಕರೆತರುವವರಿದ್ದಾರೆ, ಕೊಚ್ಚಿಗೋ ಗೋವಾಕ್ಕೋ ಬಂದಿಳಿದು ರೈಲು ಹಿಡಿಯುವವರಿದ್ದಾರೆ. ಐದು ಟಿಕೆಟ್ಟಿನ ಹಣ ಹೊಂದದೆ ಉಮ್ಮ ಮತ್ತು ಮಕ್ಕಳನ್ನು ಕಳುಹಿಸಿ, ಅಪ್ಪ ಅಲ್ಲಿಯೇ ಕೋಣೆಯಲ್ಲಿ ಉಳಿಯುವುದೂ ಉಂಟು. ಆತ ಬರುವುದು ಸೆಪ್ಟೆಂಬರ್ ಕಳೆದ ಮೇಲೆ, ಟಿಕೆಟ್ಟು ಇಳಿದಾಗ. ಅಷ್ಟರಲ್ಲಿ ಮಕ್ಕಳು ಶಾಲೆಗೆಂದು ಮರಳಿ ಅಲ್ಲಿಗೆ ಹೋಗಿರುತ್ತಾರೆ, ಊರಿನಲ್ಲಿ ಅವನ ಮುದಿ ತಂದೆತಾಯಿ ಮಾತ್ರ ಇರುತ್ತಾರೆ.